ಪಾವತಿಯಿಲ್ಲದ ದನಗಳು

ಕುದುರೆ, ಪಿಸ್ತೂಲು, ಧೂಳು ಇವಿಷ್ಟು ಕೂಡಿದರೆ ಅಮೇರಿಕೆಯ ದನಗಾಹಿಗಳ ಚಿತ್ರಪಟವಾಯಿತೆಂದು ನಾವು ಬಹುಕಾಲ ತಿಳಿದಿದ್ದೆವು. ಆ ತಿಳಿವಳಿಕೆಯನ್ನು ಕೆಡಿಸಿದುದು ಡಫಳಾಪುರದ ನಮ್ಮ ಮನೆಯಲ್ಲಿ ಒಂದು ರಾತ್ರಿ ಕುಳಿತು ನೋಡಿದ ‘ದಿ ಆಕ್ಸ್-ಬೋ ಇನ್ಸಿಡೆಂಟ್’. ವಾಲ್ಟರ್ ವ್ಯಾನ್ ಟಿಲ್ಬರ್ಗ್ ಕ್ಲಾರ್ಕನ 1940ರ ಕಾದಂಬರಿಯನ್ನು ಆಧರಿಸಿ ವಿಲಿಯಂ ವೆಲ್‌ಮನ್ ನಿರ್ದೇಶಿಸಿದ ಈ ಚಿತ್ರ 1943ರಲ್ಲಿ ತೆರೆಕಂಡಿತು. ಕೇವಲ 75 ನಿಮಿಷದ್ದು. ಅತ್ಯುತ್ತಮ ಚಿತ್ರದ ಆಸ್ಕರ್ ಸ್ಪರ್ಧೆಗೆ ಆಯ್ಕೆಯಾದರೂ ಪಾರಿತೋಷಕವು ‘ಕಾಸಾಬ್ಲಾಂಕಾ’ಕ್ಕೆ ಸಂದಿತು. ಯುದ್ಧಕಾಲದ ಜನಕ್ಕೆ ಇಷ್ಟು ಕಹಿ ಬೇಡವಾಗಿದ್ದಿತೇನೋ, ಹಣವನ್ನೂ ತರಲಿಲ್ಲ. ಇಂದಿಗೂ ಇದರ ಹೆಸರನ್ನೆತ್ತುವವರು ವಿರಳ.

ಕಥೆ 1885ರ ನೆವಾಡಾ ಪ್ರಾಂತದ್ದು. ಸಣ್ಣ ಊರಿನ ಪಾನಗೃಹಕ್ಕೆ ಸವಾರನೊಬ್ಬ ಧಾವಿಸಿ ಬಂದು, ಕಿಂಕೇಡನೆಂಬ ದನಗಳ ಒಡೆಯನನ್ನು ಕಳ್ಳರು ಕೊಂದರೆಂದು ಸುದ್ದಿ ಹೇಳುತ್ತಾನೆ. ಪೊಲೀಸ್ ಅಧಿಕಾರಿ ಊರಲ್ಲಿಲ್ಲ. ನ್ಯಾಯಾಧೀಶನು ಬೇಡವೆನ್ನುತ್ತಾನೆ; ಡೇವೀಸನೆಂಬ ಮುದುಕ ಅಂಗಡಿಕಾರ ಅಂಗಲಾಚುತ್ತಾನೆ. ಕೇಳುವವರಾರು? ಜನ ಕುದುರೆಯೇರಿ ಹೊರಟೇಬಿಟ್ಟಿತು. ರಾತ್ರಿ ಆಕ್ಸ್-ಬೋ ಕಣಿವೆಯಲ್ಲಿ ಮಲಗಿದ್ದ ಮೂವರು ಪರಸ್ಥಳದವರು ಸಿಕ್ಕರು. ಅವರ ಬಳಿ ಇದ್ದುವು ಕಿಂಕೇಡನವೇ ದನಗಳು. ಕೊಂಡು ತಂದೆನೆನ್ನುತ್ತಾನೆ ಅವರಲ್ಲಿಯ ತರುಣ. ಪಾವತಿ? ಅದು ಇಲ್ಲ.

ಇಲ್ಲಿ ನಾವು ಬೆಚ್ಚಿದೆವು. ಜತ್ತಿನ ಯಲ್ಲಮ್ಮನ ಜಾತ್ರೆಯಲ್ಲಿ ಖಿಲಾರಿ ಜೋಡಿಯನ್ನು ಕೊಂಡವನು ಪಾವತಿಯನ್ನು ಕಿಸೆಯಲ್ಲಿ ಜೋಪಾನ ಮಾಡಿಯಾನು. ಆದರೆ ಪರಿಚಯದವರ ಕೊಟ್ಟಿಗೆಯಿಂದ ಆಕಳನ್ನು ಹೊಡೆದು ತರುವಾಗ ಕಾಗದ ಕೇಳಲು ನಮ್ಮ ರೈತನಿಗೆ ನಾಚಿಕೆ. ಆ ತರುಣನ ತಪ್ಪು ಅಷ್ಟೇ.

ಮತ ಕೇಳಿದಾಗ ಗಲ್ಲು ಬೇಡವೆಂದು ಬದಿಗೆ ಸರಿದವರು ಏಳು ಮಂದಿ ಮಾತ್ರ. ಬೆಳಗಾಗುವ ಹೊತ್ತಿಗೆ ಮೂವರನ್ನೂ ಮರಕ್ಕೆ ತೂಗಹಾಕಿದರು. ಹಿಂದಿರುಗುವಾಗ ಅಧಿಕಾರಿ ಎದುರಾದನು. ಕಿಂಕೇಡನು ಬದುಕಿಯೇ ಇದ್ದನು!

ಇದು ದೂರದ ನೆವಾಡಾದ ಮಾತೆಂದು ಸುಮ್ಮನಾಗುವಂತಿಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಮಕ್ಕಳ ಕಳ್ಳರೆಂದು ಐವರನ್ನು ಗ್ರಾಮಪಂಚಾಯತಿಯ ಕೋಣೆಯಲ್ಲಿಯೇ ಹೊಡೆದು ಕೊಂದರು. ಸತ್ತವರು ನಮ್ಮ ನೆರೆಯ ಮಂಗಳವೇಢೆಯ ಕಡೆಯಿಂದ ಭಿಕ್ಷೆಗೆ ಹೋಗಿದ್ದ ಗೋಸಾವಿಗಳು. 2022ರ ಸೆಪ್ಟೆಂಬರ 13ರಂದು ನಮ್ಮ ಜತ್ತ ತಾಲೂಕಿನದೇ ಆದ ಲವಂಗಾದಲ್ಲಿ, ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರಪ್ರದೇಶದ ನಾಲ್ವರು ಸಾಧುಗಳು ಹುಡುಗನೊಬ್ಬನಿಗೆ ದಾರಿ ಕೇಳಿದರು. ಅದೇ ಸಂಶಯಕ್ಕೆ ಬಡಿಗೆಯ ಪೆಟ್ಟು ತಿಂದರು. ಅವರು ನಿಜವಾಗಿಯೂ ಸಾಧುಗಳೆಂಬುದು ಪೊಲೀಸರು ವಿಚಾರಿಸಿದ ಮೇಲೆ ತಿಳಿಯಿತು. ಜೀವ ಉಳಿಯಿತು, ಪುಣ್ಯ. ಅವರು ದೂರನ್ನೂ ಕೊಡಲಿಲ್ಲ.

ಆ ದಿನಗಳಲ್ಲಿ ಮಕ್ಕಳ ಕಳ್ಳರ ಕುರಿತ ಸಂದೇಶವೊಂದು ನಮ್ಮ ಮೊಬೈಲಿಗೂ ಬಂದಿದ್ದಿತು. ನಿಜವೋ ಸುಳ್ಳೋ ಎಂದು ನಾವು ಯಾರನ್ನೂ ಕೇಳಲಿಲ್ಲ. ಪಾಲಕರು ಎಚ್ಚರದಿಂದಿರಲಿ ಎಂಬ ಸದುದ್ದೇಶದಿಂದಲೇ ಅದನ್ನು ನಾಲ್ಕು ಕಡೆಗೆ ದಾಟಿಸಿದೆವು. ಮಾಸ್ತರರು ಕಳಿಸಿದ್ದೆಂದ ಮೇಲೆ ಅದನ್ನು ನಂಬದವರಾರು? ಲವಂಗಾದ ಸುದ್ದಿ ಕೇಳಿದ ರಾತ್ರಿ ಅದನ್ನು ಅಳಿಸಿಹಾಕಿದೆವು. ಅಳಿಸಿದ್ದು ನಮ್ಮ ಮೊಬೈಲಿನಿಂದ ಮಾತ್ರ.

ಆದುದರಿಂದಲೇ ಇರಬೇಕು, ಚಿತ್ರವನ್ನು ಎರಡನೆಯ ಸಲ ನೋಡಿದಾಗ ಹಗ್ಗ ಹಿಡಿದವರಿಗಿಂತ ಸುದ್ದಿ ತಂದ ಆ ಸವಾರನ ಮೇಲೆಯೇ ನಮ್ಮ ಕಣ್ಣು ನೆಟ್ಟಿತು. ಅವನು ಸುಳ್ಳುಗಾರನಲ್ಲ; ತಾನು ನಂಬಿದ್ದನ್ನೇ ಹೇಳಿದವನು.

ಕೊನೆಗೆ ಅದೇ ಪಾನಗೃಹದಲ್ಲಿ ಎಲ್ಲರೂ ತಲೆತಗ್ಗಿಸಿ ನಿಂತಿರುತ್ತಾರೆ. ಸತ್ತ ತರುಣನು ಹೆಂಡತಿಗೆ ಬರೆದ ಕಾಗದವನ್ನು ಹೆನ್ರಿ ಫೋಂಡಾ ಗಟ್ಟಿಯಾಗಿ ಓದುತ್ತಾನೆ. ಎದುರಿಗಿರುವ ಗೆಳೆಯನ ಟೊಪ್ಪಿಗೆಯ ಅಂಚು ಅವನ ಕಣ್ಣುಗಳನ್ನು ಮರೆಮಾಡಿರುತ್ತದೆ, ತುಟಿಗಳಷ್ಟೇ ಅಲುಗುತ್ತವೆ. ಆ ವಿಧವೆಗಾಗಿ 500 ಡಾಲರು ವಂತಿಗೆ ಕೂಡಿತ್ತು. ಸುದ್ದಿ ತಂದ ಸವಾರನು ಅದರಲ್ಲಿ ಎಷ್ಟು ಹಾಕಿದನೆಂಬುದನ್ನು ಚಿತ್ರದಲ್ಲಿ ಹೇಳಿಲ್ಲ.