ಮುಂದಕ್ಕೋ, ಮೊದಲಿಗೋ?

ಗೊತ್ತಾದ ಕಾರ್ಯದ ದಿನ ಬದಲಾದಾಗ ಆಂಗ್ಲರು ಬಳಸುವ ‘ಬ್ರಿಂಗ್ ಫಾರ್ವರ್ಡ್’ ಎಂಬ ಮಾತನ್ನು ‘ಮುಂದಕ್ಕೆ ತರುವುದು’ ಎಂದು ಅಕ್ಷರಶಃ ತಿಳಿದವರು ಮೋಸಹೋಗುತ್ತಾರೆ. ನಿಗದಿಯಾದ ದಿನಕ್ಕಿಂತ ಮೊದಲೇ ನಡೆಸುವುದೆಂದು ಅದರ ಅರ್ಥ. ನಮ್ಮ ‘ಮುಂದಕ್ಕೆ ಹಾಕುವುದು’ ಇದಕ್ಕೆ ನೇರ ವಿರುದ್ಧ. ನ್ಯಾಯಾಲಯದ ವಿಚಾರಣೆ ಮುಂದಕ್ಕೆ ಹೋಯಿತೆಂದರೆ ಕಕ್ಷಿದಾರನು ಇನ್ನೊಂದು ವಾಯಿದೆಗಾಗಿ ಕಾಯಬೇಕೆಂದೇ ಲೆಕ್ಕ.

ಕೆಲವು ವರ್ಷಗಳ ಹಿಂದೆ ಮೈಸೂರಿನ ನಮ್ಮ ಮನೆಯಲ್ಲಿ ತಂಗಿಯ ಮಗಳ ಕಲ್ಯಾಣ 20ನೆಯ ತಾರೀಖಿಗೆ ನಿಶ್ಚಯವಾಗಿತ್ತು. ಬೀಗರ ಅನುಕೂಲಕ್ಕಾಗಿ ಒಂದು ವಾರ ಮುಂದಕ್ಕೆ ಹೋಯಿತು. ಅಣ್ಣನವರು ಅಮೆರಿಕದಲ್ಲಿ ಹುಟ್ಟಿ ಬೆಳೆದ ಮೊಮ್ಮಗನಿಗೆ ದೂರವಾಣಿಯಲ್ಲಿ ಹಾಗೆಯೇ ತಿಳಿಸಿದರು. ಹುಡುಗ ಮನೆಯಲ್ಲಿ ಕನ್ನಡವನ್ನೇ ಆಡುವವನು, ಆದರೆ ಯೋಚಿಸುವುದು ಇಂಗ್ಲಿಷಿನಲ್ಲಿ. 13ಕ್ಕೆ ಮದುವೆಯೆಂದು 11ಕ್ಕೇ ಬಂದಿಳಿದ. ಇದ್ದದ್ದು 10 ದಿನದ ರಜೆ. 27ರ ಮದುವೆಗೆ ಅವನು ಇರುವಂತಿರಲಿಲ್ಲ. ಎಂಬತ್ತೆಂಟು ವರ್ಷದ ನಮ್ಮ ಅವ್ವ ಯಾರನ್ನೂ ದೂರಲಿಲ್ಲ. ಅವನು ಹೊರಡುವ ಹಿಂದಿನ ದಿನ ಒಬ್ಬಟ್ಟು ಮಾಡಿಸಿ, ಮದುಮಗಳನ್ನು ಅವನ ಪಕ್ಕದಲ್ಲಿ ಕೂರಿಸಿ, ತಮ್ಮ ಕೈಯಾರೆ ಬಡಿಸಿದರು. ಮರುವರ್ಷ ಯುಗಾದಿಗೆ ಅವನು ಬರುವಷ್ಟರಲ್ಲಿ ಅವ್ವ ಲಿಂಗೈಕ್ಯರಾಗಿದ್ದರು. ಅಂದಿನಿಂದ ನಮ್ಮ ಬಂಧುಗಳಲ್ಲಿ ತಾರೀಖನ್ನೂ ವಾರವನ್ನೂ ಹೇಳಿ, ಆ ಕಡೆಯವರಿಂದ ಮತ್ತೊಮ್ಮೆ ಹೇಳಿಸುವ ರೂಢಿ ಬಂದಿದೆ.

ಈ ತೊಡಕಿಲ್ಲದ ಒಂದು ಪದ ನಮ್ಮ ಕಚೇರಿ, ಕಾಲೇಜುಗಳಲ್ಲಿ ಬಹುಕಾಲದಿಂದ ಓಡಾಡುತ್ತಿದೆ: ‘ಪ್ರಿಪೋನ್’. ಲ್ಯಾಟಿನ್ನಿನಲ್ಲಿ ‘ಪೋಸ್ಟ್’ ಎಂದರೆ ಆಮೇಲೆ, ‘ಪ್ರೇ’ ಎಂದರೆ ಮೊದಲು, ‘ಪೋನೆರೆ’ ಎಂದರೆ ಇಡು. ‘ಪೋಸ್ಟ್‌ಪೋನ್’ ಸಾಧುವಾದರೆ ‘ಪ್ರಿಪೋನ್’ ಏಕೆ ಅಸಾಧು? ಭಾರತೀಯರ ತಪ್ಪು ಇಂಗ್ಲಿಷೆಂದು ಇದನ್ನು ಹಾಸ್ಯಮಾಡುವ ಪಂಡಿತರು ನಮ್ಮ ಊರಿನಲ್ಲಿಯೂ ಉಂಟು. ಆದರೆ 1913ರಲ್ಲಿಯೇ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಬರೆದ ಓದುಗರೊಬ್ಬರು, ಮುಖ್ಯವಾಗಿ ವಕೀಲರ ಉಪಯೋಗಕ್ಕೆಂದು ಈ ಪದವನ್ನು ಸೂಚಿಸಿದ್ದರು. ಅಲ್ಲಿ ನೆಲೆಯೂರದ ಪದ ಇಲ್ಲಿ ಬಳಕೆಗೆ ಬಂದು, ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿಯೂ ಇದೆ.

ಕನ್ನಡದಲ್ಲಿ ‘ಮುಂದೂಡು’ ಇರುವಂತೆ ಇದಕ್ಕೆ ಬಳಕೆಯ ಒಂದೇ ಮಾತಿಲ್ಲ. ‘ಹಿಂದೂಡು’ ಎಂದರೆ ಯಾರಿಗೂ ತಿಳಿಯದು. ‘ಮೊದಲೇ ನಡೆಸು’ ಎಂದು ಬಿಡಿಸಿಯೇ ಹೇಳಬೇಕು. ಅಷ್ಟೇಕೆ, ‘ಮುನ್’ ಎಂಬ ಒಂದೇ ಬೇರಿನಿಂದ ಬರಲಿರುವ ಕಾಲಕ್ಕೆ ‘ಮುಂದೆ’, ಆಗಿಹೋದುದಕ್ಕೆ ‘ಮುನ್ನ’ ಎಂಬ ಎರಡೂ ಮಾತುಗಳು ನಮ್ಮಲ್ಲಿ ಹುಟ್ಟಿವೆ. ಹುಡುಗನನ್ನು ಏನೆಂದು ಅನ್ನುವುದು!