ಎಲೆ ಉದುರುವುದು, ಅಂಗಡಿ ಸುಡುವುದು

ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವಿದೆ. ಕಾಮರ್ಸಿನವರಿಗೆ ಅಲ್ಲೇನು ಕೆಲಸ ಅಂತೀರಾ? ಆದರೂ ಕೋಶದ ಸಾವು ನನಗೆ ತಿಳಿದದ್ದು ಲೆಕ್ಕದ ಭಾಷೆಯಲ್ಲೇ. ಒಂದು, ಬಾಕಿ ಚುಕ್ತಾ ಮಾಡಿ ಅಂಗಡಿ ಮುಚ್ಚುವಂಥದು. ಕೋಶ ಕುಗ್ಗಿ, ತುಣುಕಾಗಿ, ನೆರೆಕೋಶಗಳ ಹೊಟ್ಟೆ ಸೇರುತ್ತದೆ. 1972ರಲ್ಲಿ ಇದಕ್ಕೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಎಲೆ ಉದುರುವುದು. ಗರ್ಭದಲ್ಲಿ ಬೆರಳುಗಳ ನಡುವಿನ ಪೊರೆ ಹೀಗೆ ಸತ್ತೇ ಬೆರಳು ಬಿಡಿಬಿಡಿಯಾಗುವುದು.

ಇನ್ನೊಂದು ನೆಕ್ರೋಸಿಸ್, ಬೆಂಕಿ ಬಿದ್ದ ಅಂಗಡಿ. ಕೋಶ ಉಬ್ಬಿ ಒಡೆದು, ಒಳಗಿನದೆಲ್ಲ ಚೆಲ್ಲಿ, ಅಕ್ಕಪಕ್ಕವೂ ಕೆರಳುತ್ತದೆ. ಸಕ್ಕರೆ ಕಾಯಿಲೆಯ ನಮ್ಮಪ್ಪನ ಕಾಲ್ಬೆರಳು ರಕ್ತ ಹರಿಯದೆ ಕಪ್ಪಾದದ್ದು ಈ ಸಾವಿನಿಂದ. ಹೋದ ತಿಂಗಳು ಅದನ್ನು ತೆಗೆದರು.

ಇಷ್ಟನ್ನೂ ಅಪ್ಪನಿಗೆ ಹೇಳಿದೆ. ಪಟ್ಟಿ ಕಟ್ಟಿದ ಪಾದ ನೋಡಿಕೊಂಡು, “ಹಂಗಾದ್ರ ಈ ಬೆರಳು ಮೂಡೂ ಮುಂದ ಸೈತ ಒಂದಿಷ್ಟು ಸತ್ತಿದ್ವು ಅನ್ನು” ಅಂದರು.