ಗ್ಯಾಸ್ ಹೋಗಿಲ್ಲ ಮಾರಾಯ್ರೆ!

ಮಂಗಳೂರಿನ ಮೇ ತಿಂಗಳು ಗೊತ್ತಲ್ಲ, ಬಿಸಿಲಿಗಿಂತ ಬೆವರೇ ಜಾಸ್ತಿ. ಅಪ್ಪನ ಕೋಣೆಯ ಏಸಿ ಐದೇ ನಿಮಿಷಕ್ಕೆ ಆಫ್. ಮತ್ತೆ ಶುರು, ಮತ್ತೆ ಆಫ್... ಅಪ್ಪನಿಗೆ ರಾತ್ರಿಯಿಡೀ ನಿದ್ದೆಯಿಲ್ಲ.

ಮೆಕ್ಯಾನಿಕ್ "ಗ್ಯಾಸ್ ಹೋಗಿದೆ" ಅಂದ. ಗ್ಯಾಸ್ ಹೋಗಿದ್ದರೆ ತಂಪೇ ಆಗಬಾರದಲ್ವಾ? ಇಲ್ಲಿ ಐದು ನಿಮಿಷಕ್ಕೇ 24 ಡಿಗ್ರಿ! ಫಿಲ್ಟರ್ ತೊಳೆದೆ. ಕಾಯಿಲ್ ಮೇಲೆ ಐಸ್ ಇಲ್ಲ. ಹೊರಗಿನ ಪೈಪಿನಲ್ಲಿ ನೀರೂ ಸರಿಯಾಗಿ ಬರುತ್ತಿಲ್ಲ. ಅಲ್ಲೇ ಬಗ್ ಸಿಕ್ಕಿತು ನೋಡಿ. ಹತ್ತಡಿ ಕೋಣೆಗೆ ಹಳೇ ಮಾಲೀಕರು ಹಾಕಿಸಿದ್ದು 2 ಟನ್, ಅಂದರೆ ಗಂಟೆಗೆ 24,000 ಬಿಟಿಯು. ಗಾಳಿ ಬೇಗ ತಣ್ಣಗಾಗುತ್ತೆ, ತೇವ ಹಾಗೇ ಉಳಿಯುತ್ತೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಏಸಿ ರೂಪಿಸಿದ್ದೇ ಬ್ರೂಕ್ಲಿನ್ನಿನ ಪ್ರಿಂಟಿಂಗ್ ಪ್ರೆಸ್ಸೊಂದರ ತೇವ ಹಿಡಿತಕ್ಕೆ ತರಲು!

ಅದನ್ನು ಹಾಲ್‌ಗೆ ಸಾಗಿಸಿ, ಕೋಣೆಗೆ 1 ಟನ್ನಿನದು ತಂದೆ. ಈಗ ಏಸಿ ತುಂಬಾ ಹೊತ್ತು ಓಡುತ್ತೆ, ಪೈಪಿನಿಂದ ನೀರು ಇಳಿಯುತ್ತೆ, ಅಪ್ಪ ಗೊರಕೆ ಹೊಡೀತಾರೆ. ನಿಮ್ಮನೇದು ಎಷ್ಟು ಟನ್ನು? :)